ಎರಡು ಗೇಟಿನ ಮಿಲ್ಲು

ಹರಿಹರದ ಯಂತ್ರ ಕಾರ್ಖಾನೆಯಲ್ಲಿ ಸಂದರ್ಶನಕ್ಕೆ ಕೂತಾಗ, ಅವರು ಕೇಳುವುದನ್ನೆಲ್ಲ ಕೇಳಿ ಮುಗಿಸಿ, 'ನೀವೇನಾದರೂ ಕೇಳುವುದಿದೆಯೇ?' ಎಂದರು. ಬೇರೆಯವರಾಗಿದ್ದರೆ ಕ್ವಾರ್ಟರ್ಸು, ರಜೆ, ಬಡ್ತಿ ಎಂದು ಕೇಳುತ್ತಿದ್ದರೇನೋ. ನಾನು, 'ನಿಮ್ಮ ಕಾರ್ಖಾನೆಗೆ ಎಷ್ಟು ಗೇಟುಗಳಿವೆ?' ಎಂದೆ. ಮೇಜಿನ ಆಚೆ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನನ್ನ ತಲೆ ನೆಟ್ಟಗೇ ಇತ್ತು. ಆ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ, ಅದಕ್ಕೂ ಮೊದಲು ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ನಾನು ಲೇಬರ್ ಆಫೀಸರಾಗಿ ಕಳೆದ ವರ್ಷಗಳ ಸಂಗತಿ ಹೇಳಬೇಕು.

ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೊನ್ನೆ ನನ್ನ ಅಣ್ಣನ ಮೊಮ್ಮಗಳು ಬಂದಿದ್ದಳು. ಯಾವುದೋ ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ಹೊಸದಾಗಿ ಸೇರಿದ್ದಾಳೆ. ಕೈಯಲ್ಲಿ ದಪ್ಪನೆಯ ಪುಸ್ತಕ. ಆಡಳಿತದಲ್ಲಿ ಸಂವಹನ ಹೇಗಿರಬೇಕು ಎಂಬುದರ ಮೇಲೆ ಅದರಲ್ಲಿ ಚಿತ್ರಗಳು, ಬಾಣಗಳು, ಚೌಕಗಳು. 'ಅಜ್ಜ, ನಿಮ್ ಕಾಲದಾಗೆ ಇದೆಲ್ಲ ಇತ್ತೇನು?' ಎಂದಳು. 'ಇತ್ತವ್ವ. ಇದರ ದೆಸೆಯಿಂದ್ಲೇ ನಾನು ಕೆಲ್ಸ ಬಿಟ್ಟಿದ್ದು' ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ. ಈ ಬರಹ ಅವಳಿಗೆ, ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಕಾಲಿಡುವವರಿಗೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದು ಯಾರಿಗೂ ಬೇಕಾಗಿಲ್ಲ, ನನಗೂ ಬೇಕಾಗಿಲ್ಲ.

ಗಿರಣಿಗೆ ಸೇರಿದಾಗ ನನಗೆ ಮಾತನಾಡಲು ಬರುತ್ತದೆ ಎಂದು ಭಾರೀ ನಂಬಿಕೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದವನು. ಮೊದಲ ವಾರವೇ ಆಡಳಿತದ ಒಂದು ಪ್ರಕಟಣೆಯನ್ನು ಕಾರ್ಮಿಕರಿಗೆ ತಿಳಿಸುವ ಕೆಲಸ ಬಂತು. ಸೀದಾ ನೇಯ್ಗೆ ವಿಭಾಗಕ್ಕೆ ಹೋದೆ, ಒಂದು ಸ್ಟೂಲಿನ ಮೇಲೆ ಹತ್ತಿದೆ, ಗಂಟಲು ಹರಿಯುವ ಹಾಗೆ ಓದಿದೆ. ಸುತ್ತಲೂ ನೂರಾರು ಮಗ್ಗಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ನನ್ನ ದನಿ ನನಗೇ ಕೇಳಿಸಲಿಲ್ಲ. ನೇಕಾರರು ತಲೆಯೆತ್ತಿ ನೋಡಿ, ಯಾರೋ ಪಾಪ ಎಂಬಂತೆ ಮತ್ತೆ ಕೆಲಸಕ್ಕೆ ಬಗ್ಗಿದರು. ನೇಕಾರರ ಮೇಲ್ವಿಚಾರಣೆ ಮಾಡುವ ಜಾಬರ್ ತಿಪ್ಪೇಶಪ್ಪ ನನ್ನನ್ನು ಕೈಹಿಡಿದು ಕೆಳಗಿಳಿಸಿ, ಹೊರಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದ.

'ಸಾಹೇಬ್ರ, ಒಳಗೆ ಯಾರೂ ಕಿವಿಯಿಂದ ಕೇಳಂಗಿಲ್ರಿ. ಕಣ್ಣಿಂದ ಕೇಳ್ತಾರ' ಎಂದ.

ಅದು ನಿಜವೆಂದು ತಿಳಿದದ್ದು ನೂಲು ಸುತ್ತುವ ವಿಭಾಗದಲ್ಲಿದ್ದ ಗಂಗಮ್ಮನಿಂದ. ಎಲೆಯಡಿಕೆ ಬಾಯಿಯ ಗಟ್ಟಿ ಹೆಂಗಸು. ತುಟಿ ಅಲ್ಲಾಡಿಸಿದರೆ ಸಾಕು, ಇಪ್ಪತ್ತು ಹೆಜ್ಜೆ ಆಚೆ ಇದ್ದವರಿಗೆ ಪೂರ್ತಿ ಮಾತು ಹೋಗುತ್ತಿತ್ತು. ಮಗಳ ಮದುವೆ, ಸೊಸೆಯ ಜಗಳ, ಯಂತ್ರದ ತೊಂದರೆ, ನನ್ನ ಹೊಸ ಬೂಟು, ಎಲ್ಲವೂ ದನಿಯಿಲ್ಲದೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಲುಪುತ್ತಿತ್ತು. ನಾನೂ ಕಲಿತೆ. ಕಲಿಯಲು ಹೊರಟಾಗ ಆಕೆ, 'ಸಾಹೇಬ್ರಿಗೆ ಬಾಯಿ ಮುಚ್ಕೊಂಡು ಮಾತಾಡೋದು ಕಲಿಸ್ಬೇಕಾತು ನೋಡ್ರಿ' ಎಂದು ಎಲ್ಲರ ಮುಂದೆ ಗೇಲಿ ಮಾಡಿದಳು. ಚರ್ಚಾಸ್ಪರ್ಧೆಯ ಬಹುಮಾನಗಳಿಗಿಂತ ಆ ಕಲಿಕೆ ನನ್ನನ್ನು ಹೆಚ್ಚು ಕಾಲ ಕಾಪಾಡಿತು.

ಆಗಿದ್ದ ಮ್ಯಾನೇಜರು ಹಳೆಯ ಕಾಲದವರು. ಬಾಯಿ ಕೆಟ್ಟದ್ದು. ಬೈಗುಳವಿಲ್ಲದೆ ಒಂದು ವಾಕ್ಯ ಮುಗಿಯುತ್ತಿರಲಿಲ್ಲ. ಅವರನ್ನು ಹೊಗಳಲು ನನಗೇನೂ ಉಮೇದಿಲ್ಲ. ಆದರೆ ದಿನಾ ಪಾಳಿ ಬದಲಾಗುವ ಹೊತ್ತಿಗೆ ಗಿರಣಿಯೊಳಗೆ ಬಂದು ಕೈಕಟ್ಟಿಕೊಂಡು ನಿಲ್ಲುತ್ತಿದ್ದರು. ಅಲ್ಲಿ ನಡೆಯುತ್ತಿದ್ದುದನ್ನು ನೀವೂ ತಿಳಿದಿರಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಒಂದು ಮಗ್ಗಕ್ಕೆ ಇಬ್ಬರು ನೇಕಾರರು. ಬೆಳಗಿನ ಪಾಳಿಯವನು ಹೋಗುವಾಗ ಮಧ್ಯಾಹ್ನದ ಪಾಳಿಯವನು ಬರುತ್ತಾನೆ. ಇವನು ಬಂದು ಪಕ್ಕದಲ್ಲಿ ನಿಲ್ಲುವತನಕ ಅವನು ಮಗ್ಗ ಬಿಟ್ಟು ಕದಲುತ್ತಿರಲಿಲ್ಲ. ಇಬ್ಬರೂ ಬಟ್ಟೆಯ ಮೇಲೆ ಕೈಯಾಡಿಸುತ್ತಿದ್ದರು. ಲಾಳಿ ಇವತ್ತು ಎಡಕ್ಕೆ ತಡವರಿಸುತ್ತಿದೆ, ಉದ್ದಕ್ಕೆ ಓಡುವ ಹಾಸಿನ ನೂಲು ಈ ಮೂಲೆಯಲ್ಲಿ ಹರಿಯುತ್ತಿದೆ, ಪಟ್ಟಿ ಸಡಿಲವಾಗಿದೆ ಎಂದು ತುಟಿಯಲ್ಲೇ ಹೇಳಿ ಮುಗಿಸುತ್ತಿದ್ದರು. ಇದಕ್ಕೆ ಅವರ ಮಾತಿನಲ್ಲಿ 'ಮಗ್ಗ ಒಪ್ಪಿಸೋದು'. ಮಧ್ಯೆ ಮನೆಯ ಸುದ್ದಿಯೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಯಾರೂ ಇದನ್ನು ಯಾವ ನಿಯಮದಲ್ಲೂ ಬರೆದಿರಲಿಲ್ಲ. ಬರೆಯದ್ದರಿಂದಲೇ ಅದನ್ನು ಅಳಿಸಿಹಾಕುವುದು ಸುಲಭವಾಯಿತು ಎಂದು ಈಗ ಅನಿಸುತ್ತದೆ.

ಹಳೆಯ ಮ್ಯಾನೇಜರು ಹೋಗಿ ಶ್ರೀನಿವಾಸನ್ ಬಂದರು. ಸಭ್ಯರು, ಚೊಕ್ಕ ಬಟ್ಟೆ, ಯಾರನ್ನೂ ಏಕವಚನದಲ್ಲಿ ಮಾತನಾಡಿಸಿದವರಲ್ಲ. ಮುಂಬಯಿಯಲ್ಲಿ ಆಡಳಿತದ ತರಬೇತಿ ಪಡೆದಿದ್ದರು. ಬಂದ ತಿಂಗಳೇ ಅಧಿಕಾರಿಗಳನ್ನು, ಜಾಬರುಗಳನ್ನು ಕ್ಯಾಂಟೀನಿನಲ್ಲಿ ಕೂಡಿಸಿ ಪಾಠ ಮಾಡಿದರು. ಕರಿಹಲಗೆಯ ಮೇಲೆ ಎಡಗಡೆ ಒಂದು ಸುತ್ತು, ಬಲಗಡೆ ಒಂದು ಸುತ್ತು, ನಡುವೆ ಒಂದು ಬಾಣ. ಎಡಗಡೆಯವನು ಹೇಳುವವನು, ಬಲಗಡೆಯವನು ಕೇಳುವವನು, ಬಾಣವೇ ಆದೇಶ. ಬಾಣದ ಮೇಲೆ ಒಂದಿಷ್ಟು ಅಂಕುಡೊಂಕು ಗೆರೆ ಎಳೆದು, 'ಇದು ಗದ್ದಲ. ಆದೇಶವನ್ನು ಕೆಡಿಸುವ ಪ್ರತಿಯೊಂದೂ ಗದ್ದಲ. ಅದನ್ನು ತೆಗೆದುಹಾಕುವುದೇ ಒಳ್ಳೆಯ ಆಡಳಿತ' ಎಂದರು.

ಪಾಠ ಚೆನ್ನಾಗಿಯೇ ಇತ್ತು. ನಾನು ಎದ್ದುನಿಂತೆ.

'ಸರ್, ಬಾಣ ಒಂದೇ ಕಡೆ ಹೋಗ್ತಾ ಇದೆ. ಆ ಕಡೆಯಿಂದ ಈ ಕಡೆಗೆ ಬರೋದು ಯಾವುದು?'

'ಅದಕ್ಕೆ ಸಲಹಾ ಪೆಟ್ಟಿಗೆ ಇಡ್ತೀವಲ್ಲ' ಎಂದರು ನಗುನಗುತ್ತ.

ಪೆಟ್ಟಿಗೆ ಬಂತು. ಹಸಿರು ಬಣ್ಣದ್ದು, ಬೀಗದ್ದು. ತಿಂಗಳಾದ ಮೇಲೆ ತೆರೆದರೆ ಬೀಡಿ ತುಂಡುಗಳು ಮತ್ತು ಯಾರೋ ಹಾಕಿದ ಸಿನಿಮಾ ಟಿಕೀಟಿನ ಹರಕು. ಕಾರ್ಮಿಕರಿಗೆ ಹೇಳಲು ಏನೂ ಇಲ್ಲ ಎಂದು ಶ್ರೀನಿವಾಸನ್ ತೀರ್ಮಾನಿಸಿದರು. ಹೇಳುವವರು ಹೇಳುತ್ತಲೇ ಇದ್ದಾರೆ, ಪೆಟ್ಟಿಗೆಗೆ ಕಣ್ಣಿಲ್ಲ ಎಂದು ನಾನೆಂದೆ. ಅವರಿಗದು ಹಿಡಿಸಲಿಲ್ಲ.

ಆಮೇಲೆ ಎರಡು ಗೇಟಿನ ವ್ಯವಸ್ಥೆ ಬಂತು. ಪಾಳಿ ಬದಲಾಗುವಾಗಿನ ಮಾತುಕತೆಯೇ ಗಿರಣಿಯ ಅತಿ ದೊಡ್ಡ ಗದ್ದಲ ಎಂದು ಶ್ರೀನಿವಾಸನ್ ಅವರಿಗೆ ಹೊಳೆದಿತ್ತು. ಮಾತು, ನಗು, ಸುದ್ದಿ, ಗುಂಪು, ಅದರ ಹಿಂದೆಯೇ ಕಾರ್ಮಿಕ ಸಂಘದ ಗಲಾಟೆ. ಹಾಗಾಗಿ ಮಗ್ಗ ನಿಲ್ಲಿಸಿ, ಮೊದಲ ಪಾಳಿಯವರು ಹಿಂದಿನ ಗೇಟಿನಿಂದ ಪೂರ್ತಿ ಹೊರಗೆ ಹೋಗಬೇಕು. ಆಮೇಲೆ ಗಂಟೆ ಹೊಡೆದು ಮುಂದಿನ ಗೇಟು ತೆರೆಯಬೇಕು. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಮಗ್ಗದ ಬಗ್ಗೆ ಏನಾದರೂ ಹೇಳುವುದಿದ್ದರೆ ಪಕ್ಕಕ್ಕೆ ತೂಗುಹಾಕಿದ ಕಾರ್ಡಿನ ಮೇಲೆ ಬರೆದಿಡಬೇಕು.

'ಸರ್, ಇವರಲ್ಲಿ ಬಹಳ ಜನಕ್ಕೆ ಬರೆಯಕ್ಕೆ ಬರಲ್ಲ' ಎಂದೆ.

'ಕಲೀತಾರೆ. ಅದೂ ಒಂದು ಪ್ರಗತಿ ತಾನೆ?' ಎಂದರು.

ಬೆರಳಿಗೆ ಹತ್ತುವುದನ್ನು ಬರೆಯಲು ಯಾವ ಭಾಷೆಯೂ ಸಾಲುವುದಿಲ್ಲ ಎಂದು ನನಗೆ ಆಗ ಹೇಳಲು ತೋಚಲಿಲ್ಲ. ಇಂಥ ಮಾತು ಯಾವಾಗಲೂ ಮನೆಗೆ ಹೋದ ಮೇಲೆಯೇ ಹೊಳೆಯುತ್ತದೆ.

ಆ ಮಗ್ಗಗಳಲ್ಲಿ ಒಂದು ಸತ್ತಾರ್ ಸಾಬ್ ಮತ್ತು ಹಾಲಪ್ಪನದು. ಸತ್ತಾರ್ ಸಾಬ್ ಆನೆಕೊಂಡದ ಕಡೆಯವರು, ವಯಸ್ಸಿನಲ್ಲಿ ಹಿರಿಯರು. ಅಪ್ಪನ ಕಾಲದಿಂದ ಕೈಮಗ್ಗ ನೋಡಿ ಬೆಳೆದವರು. ಹಾಲಪ್ಪ ನಿಟ್ಟುವಳ್ಳಿಯವನು, ನಾಲ್ಕು ಎಕರೆ ಹೊಲ ಅಣ್ಣನಿಗೆ ಬಿಟ್ಟು ಗಿರಣಿಗೆ ಬಂದವನು. ಸತ್ತಾರಣ್ಣ, ಹಾಲಪ್ಪ ತಮ್ಮ ಎಂದೇ ಅವರ ಮಾತು. ವರ್ಷಗಳ ಕಾಲ ಒಂದೇ ಮಗ್ಗ ನಡೆಸಿದ್ದರೂ ಅವರು ಸೇರುತ್ತಿದ್ದುದು ಮಗ್ಗ ಒಪ್ಪಿಸುವ ಆ ಗಳಿಗೆಯಲ್ಲಿ ಮಾತ್ರ. ಅವರ ಬಟ್ಟೆಯಲ್ಲಿ ಎಲ್ಲಿ ಒಬ್ಬನ ಕೈ ನಿಂತು ಇನ್ನೊಬ್ಬನ ಕೈ ಶುರುವಾಯಿತು ಎಂದು ಹೇಳಲು ತಿಪ್ಪೇಶಪ್ಪನಿಗೂ ಆಗುತ್ತಿರಲಿಲ್ಲ.

ಎರಡು ಗೇಟು ಆದ ಕೆಲವೇ ವಾರಗಳಲ್ಲಿ ಅದೇ ಬಟ್ಟೆಯಲ್ಲಿ ಅಡ್ಡಡ್ಡ ಪಟ್ಟೆಗಳು ಬೀಳತೊಡಗಿದವು. ಪಾಳಿ ಬದಲಾದಲ್ಲೆಲ್ಲ ಒಂದು ಪಟ್ಟೆ. ಒಂದು ಕಡೆ ತೆಳು, ಒಂದು ಕಡೆ ಬಿಗಿ. ನೂಲು ಹರಿಯುವುದೂ ಜಾಸ್ತಿಯಾಯಿತು. ಹಾಸಿನ ನೂಲನ್ನು ಬಿಗಿಹಿಡಿಯಲು ಮಗ್ಗದ ಹಿಂದೆ ಒಂದು ಕಬ್ಬಿಣದ ತೂಕ ಜೋತುಬಿದ್ದಿರುತ್ತದೆ. ಅದನ್ನು ಆಚೆ ಸರಿಸಿದರೆ ನೂಲು ಬಿಗಿ, ಈಚೆ ಸರಿಸಿದರೆ ಸಡಿಲ. ಹಾಲಪ್ಪ ಬಂದು ನೋಡಿದಾಗಲೆಲ್ಲ ತೂಕ ಈಚೆ ಬಂದಿರುತ್ತಿತ್ತು. ಸತ್ತಾರಣ್ಣ ಬೇಕೆಂದೇ ಬಟ್ಟೆ ಕೆಡಿಸಿ ತನ್ನ ಮೇಲೆ ಹಾಕುತ್ತಿದ್ದಾನೆ ಎಂದು ಅವನು ತಿಳಿದ. ಸತ್ತಾರ್ ಸಾಬರಿಗೆ ಬೆಳಿಗ್ಗೆ ನೋಡಿದಾಗಲೆಲ್ಲ ತೂಕ ಆಚೆ ಹೋಗಿರುತ್ತಿತ್ತು. ಈ ಹುಡುಗನಿಗೆ ಏನು ಬಂತು ಎಂದು ಅವರು ಒಳಗೊಳಗೇ ಕುದಿದರು. ದಿನಾ ಒಬ್ಬ ಸರಿಸುವುದು, ಇನ್ನೊಬ್ಬ ವಾಪಸ್ಸು ಸರಿಸುವುದು. ಇಬ್ಬರೂ ಬಟ್ಟೆಯನ್ನು ಸರಿಮಾಡಲು ಹೋಗಿಯೇ ಕೆಡಿಸುತ್ತಿದ್ದರು.

ಒಂದು ಮಧ್ಯಾಹ್ನ ಮೊದಲ ಪಾಳಿಯವರು ಹೊರಗೆ ಹೋದ ಮೇಲೂ ಸತ್ತಾರ್ ಸಾಬ್ ಮಗ್ಗದ ಹಿಂದೆ ಕುಕ್ಕರಗಾಲಲ್ಲಿ ಅಡಗಿ ಕೂತಿದ್ದರು. ವಾಚ್‌ಮನ್ ಹಿಡಿದು ಎಳೆದುಕೊಂಡು ಬಂದ. ಹಾಲಪ್ಪ ಮುಂದಿನ ಗೇಟಿನಿಂದ ಒಳಗೆ ಬರುತ್ತಿದ್ದವನು ಇದನ್ನು ನೋಡಿದ. ಅವನ ಅನುಮಾನ ಗಟ್ಟಿಯಾಯಿತು. ಕದ್ದು ಕೂತು ಮಗ್ಗ ಕೆಡಿಸುತ್ತಿದ್ದ ಎಂದು ದೂರು ಕೊಟ್ಟ. ಶ್ರೀನಿವಾಸನ್ ನನ್ನನ್ನು ಕರೆದು, 'ಆದೇಶ ಮೀರಿದ್ದಾನೆ, ಬಟ್ಟೆ ಕೆಡಿಸಿದ್ದಾನೆ. ವಿಚಾರಣೆ ಮುಗಿಸಿ, ವಜಾ ಮಾಡುವುದಕ್ಕೆ ವರದಿ ಕೊಡಿ' ಎಂದರು. ವಿಚಾರಣೆಗೆ ಮೊದಲೇ ತೀರ್ಪು ಹೇಳಿಬಿಟ್ಟಿದ್ದೀರಲ್ಲ ಸರ್ ಎಂದೆ. ಅವರು ಕಾಗದಗಳನ್ನು ನನ್ನ ಕಡೆ ಸರಿಸಿದರು, ಅಷ್ಟೆ.

ನನ್ನ ಕೋಣೆಯಲ್ಲಿ ಸತ್ತಾರ್ ಸಾಬ್ ಟೋಪಿ ಕೈಯಲ್ಲಿ ಹಿಡಿದು ನಿಂತರು. ಕೂಡ್ರಿ ಎಂದರೂ ಕೂಡಲಿಲ್ಲ.

'ಯಾಕ ಅಡಗಿ ಕೂತಿದ್ರಿ ಸಾಬ್ರೆ?'

'ಹಾಲಪ್ಪಗ ಒಂದು ಮಾತು ಹೇಳೋದಿತ್ರಿ.'

'ಏನು ಮಾತು?'

'ಹೊಸ ನೂಲು ಬಂದೈತ್ರಿ ಮಗ್ಗಕ್ಕೆ. ಗಂಜಿ ಕಮ್ಮಿ ಬಿದ್ದೈತಿ ಅದಕ್ಕ, ಎಳಿ ಮೆತ್ತಗೈತಿ. ಬಿಗಿ ಹಿಡದ್ರ ತಡಿಯಂಗಿಲ್ಲ. ಸಡಿಲ ಬಿಡು ಅಂತ ಹೇಳ್ಬೇಕಾಗಿತ್ತು.'

'ಕಾರ್ಡ್ ಮೇಲೆ ಬರಸಬಹುದಿತ್ತಲ್ಲ?'

'ಯಾರ ಕೈಲೇ ಬರಸ್ಲಿ ಸಾಬ್? ಬರಸಿದ್ರೂ, ಆ ಹುಡುಗ ನನ್ ಮೇಲೆ ಸಿಟ್ಟಾಗ್ಯಾನ. ಕಾಗದ ನೋಡಿ ನಂಬ್ತಾನೇನ್ರಿ? ಮುಖ ನೋಡಿದ್ರ ನಂಬ್ತಿದ್ದ.'

ಮುಖ ನೋಡಿದರೆ ನಂಬುತ್ತಿದ್ದ ಎಂಬ ಆ ಮಾತು ನನ್ನನ್ನು ಹಿಡಿದುಬಿಟ್ಟಿತು. ಶ್ರೀನಿವಾಸನ್ ಅವರ ಕರಿಹಲಗೆಯ ಮೇಲೆ ಎರಡು ಸುತ್ತುಗಳಿದ್ದವು, ಆದರೆ ಯಾವುದಕ್ಕೂ ಮುಖ ಬರೆದಿರಲಿಲ್ಲ. ಸತ್ತಾರ್ ಸಾಬರಿಗೆ ಕೆಲಸ ಹೋದರೆ ಆ ವಯಸ್ಸಿನಲ್ಲಿ ಬೇರೆ ಗಿರಣಿ ಸೇರಿಸಿಕೊಳ್ಳುವುದಿಲ್ಲ. ಬಟ್ಟೆ ಕೆಡಿಸಿದವನು ಎಂಬ ಹೆಸರು ಹೊತ್ತು ದಾವಣಗೆರೆಯಲ್ಲಿ ಯಾವ ಮಗ್ಗದ ಮುಂದೆಯೂ ನಿಲ್ಲಲಾಗದು. ನನಗೆ ಸಿಟ್ಟು ಬಂದಿತ್ತು, ಮತ್ತು ಆ ಸಿಟ್ಟು ಸರಿಯಾದದ್ದು ಎಂದು ಇವತ್ತಿಗೂ ನಂಬಿದ್ದೇನೆ.

ಮರುದಿನ ವಿಚಾರಣೆಯನ್ನು ನನ್ನ ಕೋಣೆಯಲ್ಲಿ ನಡೆಸಲಿಲ್ಲ. ಮೊದಲ ಪಾಳಿ ಮುಗಿಯುವುದಕ್ಕೆ ಸ್ವಲ್ಪ ಮೊದಲೇ ಮಗ್ಗದ ಹತ್ತಿರ ಹೋದೆ. ಸತ್ತಾರ್ ಸಾಬರನ್ನು ಅಲ್ಲೇ ನಿಲ್ಲಿಸಿಕೊಂಡೆ. ಗಂಟೆ ಹೊಡೆಯುವ ಮೊದಲೇ ಮುಂದಿನ ಗೇಟು ತೆರೆದು ಹಾಲಪ್ಪನನ್ನು ಒಳಗೆ ಬಿಡಲು ವಾಚ್‌ಮನ್‌ಗೆ ಹೇಳಿದೆ. 'ನನ್ ಕೆಲ್ಸ ಹೋಗ್ತೈತ್ರಿ ಸಾಹೇಬ್ರ' ಎಂದ ಅವನು. 'ಹೋದ್ರೆ ನಂದು ಹೋಗ್ಲಿ, ತೆಗಿ' ಎಂದೆ. ಕೀಲಿ ನಾನೇ ತೆಗೆದೆ ಎಂದು ಬರೆದು ಅವನ ಕೈಗೆ ಒಂದು ಚೀಟಿಯನ್ನೂ ಕೊಟ್ಟೆ, ಆಮೇಲೆ ಅವನ ಮೇಲೆ ಯಾರೂ ತಪ್ಪು ಹೊರಿಸಬಾರದೆಂದು.

ಹಾಲಪ್ಪ ಮುಖ ತಿರುಗಿಸಿಕೊಂಡೇ ಬಂದ. ತಿಪ್ಪೇಶಪ್ಪನೂ ಇದ್ದ. ಪಕ್ಕದ ಮಗ್ಗಗಳು ನಡೆಯುತ್ತಲೇ ಇದ್ದವು, ಯಾರೂ ದನಿಯೆತ್ತಿ ಮಾತನಾಡುವಂತಿರಲಿಲ್ಲ. ಸತ್ತಾರ್ ಸಾಬ್ ಹಾಲಪ್ಪನ ಕೈ ಹಿಡಿದು ಮಗ್ಗದ ಹಿಂದಕ್ಕೆ ಕರೆದೊಯ್ದು, ಹಾಸಿನ ನೂಲಿನ ಮೇಲೆ ಇಟ್ಟರು. ಹಾಲಪ್ಪ ಬೆರಳಲ್ಲಿ ಒಂದು ಎಳೆ ಉಜ್ಜಿದ. ಇನ್ನೊಂದು ಉಜ್ಜಿದ. ಅವನ ಮುಖ ಇಳಿಯಿತು. ತುಟಿಗಳು ಅಲ್ಲಾಡಿದವು. ಗಂಗಮ್ಮ ಕಲಿಸಿದ ವಿದ್ಯೆಯಿಂದ ನನಗೆ ಅದು ಕಂಡಿತು.

'ಗಂಜಿನೇ ಇಲ್ಲಲ್ಲಣ್ಣ ಇದಕ್ಕ. ಮೊದ್ಲೇ ಹೇಳಬಾರದಿತ್ತೇನು?'

'ಹೇಳಾಕ ಕೂತಿದ್ದಕ್ಕೇ ಇದೆಲ್ಲ ಆಗಿದ್ದು ತಮ್ಮಾ' ಎಂದವು ಸತ್ತಾರ್ ಸಾಬರ ತುಟಿಗಳು.

ಹಾಲಪ್ಪ ಅಲ್ಲೇ ಕೈಮುಗಿದ. ಸತ್ತಾರ್ ಸಾಬ್ ಅವನ ಕೈ ಬಿಡಿಸಿ, ತೂಕವನ್ನು ಎಲ್ಲಿಗೆ ಸರಿಸಬೇಕೋ ಅಲ್ಲಿಗೆ ಸರಿಸಿ ತೋರಿಸಿದರು. ಅಷ್ಟರಲ್ಲಿ ಪಾಳಿ ಮುಗಿದು ಗಂಟೆ ಹೊಡೆಯಿತು. ಬಹಳ ದಿನದ ಮೇಲೆ ಆ ಗಿರಣಿಯಲ್ಲಿ ಒಂದು ಮಗ್ಗ ಸರಿಯಾಗಿ ಒಪ್ಪಿಸಿದಂತಾಯಿತು.

ಅಂದು ಸಂಜೆಯೇ ವರದಿ ಬರೆದೆ. ನೂಲಿನ ಗಂಜಿ ಕಡಿಮೆ ಇದ್ದದ್ದು, ಇಬ್ಬರೂ ತೂಕ ಸರಿಸಿದ್ದು, ಸತ್ತಾರ್ ಸಾಬ್ ಯಾಕೆ ಕೂತಿದ್ದರು ಎಂಬುದು, ಹಾಲಪ್ಪ ದೂರು ಹಿಂದಕ್ಕೆ ಪಡೆದದ್ದು, ಎಲ್ಲ. ಕೊನೆಯ ಸಾಲು ಹೀಗಿತ್ತು: 'ಈ ನಷ್ಟಕ್ಕೆ ಇಬ್ಬರು ಕಾರ್ಮಿಕರೂ ಹೊಣೆಯಲ್ಲ, ಎರಡು ಗೇಟುಗಳು ಹೊಣೆ.'

ಶ್ರೀನಿವಾಸನ್ ಓದಿದರು. ಎರಡನೆಯ ಸಲವೂ ಓದಿದರು.

'ಆ ಮುದುಕನನ್ನು ಬಿಟ್ಟುಬಿಡೋಣ, ನನ್ನ ಅಭ್ಯಂತರ ಇಲ್ಲ' ಎಂದರು. 'ಕೊನೆಯ ಸಾಲು ಮಾತ್ರ ಹೊಡೆದುಹಾಕಿ.'

'ಆ ಸಾಲು ಇಲ್ಲದಿದ್ದರೆ ಮುಂದಿನ ತಿಂಗಳು ಇನ್ನೊಬ್ಬ ಸತ್ತಾರ್ ಸಾಬ್ ನನ್ನ ಕೋಣೆಯಲ್ಲಿ ನಿಂತಿರ್ತಾರೆ ಸರ್.'

'ವಿಚಾರಣೆಯ ವಿಷಯ ಗೇಟಲ್ಲ.'

'ವಿಷಯವೇ ಅದು.'

ಅವರು ಸಿಟ್ಟಾಗಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು, ಹಳೆಯ ಮ್ಯಾನೇಜರ ಹಾಗೆ. ತಣ್ಣಗೆ, 'ನಿಮ್ಮ ಕೆಲಸ ಆಡಳಿತದ ಮಾತನ್ನು ಕಾರ್ಮಿಕರಿಗೆ ತಲುಪಿಸುವುದು' ಎಂದರು. 'ಅವರದ್ದನ್ನು ನಿಮಗೆ ತಲುಪಿಸೋದೂ ನನ್ನ ಕೆಲಸವೇ ಸರ್. ತಲುಪಿಸಿದ್ದೀನಿ. ನಿಮ್ಮ ಮೇಜಿನ ಮೇಲಿದೆ' ಎಂದು ಎದ್ದುಬಂದೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಕೆಲಸ ಹೋದೀತು ಎಂಬ ಹೆದರಿಕೆ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದವು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, 'ಬರದದ್ದು ಖರೆ ಐತೇನು?' ಎಂದು ಕೇಳಿದಳು. ಖರೆ ಎಂದೆ. 'ಮತ್ತ ಹೊಡದು ಹಾಕಬ್ಯಾಡ್ರಿ. ಊಟಕ್ಕ ಕೂಡ್ರಿ' ಎಂದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಸಾಲು ಉಳಿಯಿತು. ದೂರುದಾರನೇ ಹಿಂದೆ ಸರಿದ ಮೇಲೆ ಸತ್ತಾರ್ ಸಾಬರನ್ನು ವಜಾ ಮಾಡಲು ಅವರಿಗೆ ದಾರಿಯಿರಲಿಲ್ಲ. ನನಗೆ ದಾರಿ ಹುಡುಕಿದರು. ಲೇಬರ್ ಆಫೀಸರ್ ಹುದ್ದೆಯಿಂದ ತೆಗೆದು ಉಗ್ರಾಣದ ಒಂದು ಮೂಲೆಯಲ್ಲಿ ಕೂಡಿಸಿದರು. ಅಲ್ಲಿ ಮಸಿ ಬಾಟಲಿ, ಪೊರಕೆ, ಬಲ್ಬುಗಳ ಜೊತೆ ನನ್ನ ಮಾತುಕತೆ. ಅವು ಯಾವ ಗದ್ದಲವನ್ನೂ ಮಾಡುತ್ತಿರಲಿಲ್ಲ. ಒಳ್ಳೆಯ ಆಡಳಿತಕ್ಕೆ ಬೇಕಾದ ಸಿಬ್ಬಂದಿ ಇವರೇ ನೋಡಿ ಎಂದು ಉಗ್ರಾಣದ ಗುಮಾಸ್ತನಿಗೆ ಹೇಳಿ ನಗಿಸುತ್ತಿದ್ದೆ. ಗೇಟುಗಳು ಮಾತ್ರ ಎರಡಾಗಿಯೇ ಉಳಿದವು.

ಹರಿಹರದ ಕಾರ್ಖಾನೆ ಆಗ ಬೆಳೆಯುತ್ತಿತ್ತು. ಅರ್ಜಿ ಹಾಕಿದೆ, ಸಂದರ್ಶನಕ್ಕೆ ಕರೆ ಬಂತು. ಹೊರಡುವ ಹಿಂದಿನ ದಿನ ಕೆಲಸ ಮುಗಿಸಿ, ಮೊದಲ ಪಾಳಿಯವರ ಜೊತೆ ನಾನೂ ಹಿಂದಿನ ಗೇಟಿನಿಂದ ಹೊರಬಿದ್ದೆ. ಅವರು ಮನೆಯ ಕಡೆ ತಿರುಗುತ್ತಾರೆ ಎಂದುಕೊಂಡಿದ್ದೆ. ಯಾರೂ ತಿರುಗಲಿಲ್ಲ. ಒಬ್ಬರ ಹಿಂದೊಬ್ಬರು ಗಿರಣಿಯ ಗೋಡೆಗುಂಟ ಹೊರಟರು. ನಾನೂ ಹಿಂದೆ ಹೋದೆ. ಉದ್ದನೆಯ ಗೋಡೆ, ಚರಂಡಿ, ಮುಳ್ಳು, ಬಿಸಿಲು. ಬೆಳಗಿನಿಂದ ನಿಂತು ದುಡಿದ ಕಾಲುಗಳು. ಸುತ್ತು ಹಾಕಿ ಮುಂದಿನ ಗೇಟಿಗೆ ಬಂದರೆ, ಎದುರಿನ ಚಹಾದಂಗಡಿಯ ತಟ್ಟಿಯ ನೆರಳಲ್ಲಿ ಎರಡನೆಯ ಪಾಳಿಯವರು ಗಂಟೆ ಹೊಡೆಯುವ ಮೊದಲೇ ಬಂದು ಕಾಯುತ್ತಿದ್ದರು. ತಮ್ಮ ತಮ್ಮ ಜೋಡಿಯನ್ನು ಹುಡುಕಿಕೊಂಡು ಎಲ್ಲರೂ ಎದುರುಬದುರು ನಿಂತರು.

ಸತ್ತಾರ್ ಸಾಬ್ ಹಾಲಪ್ಪನ ಮುಂದೆ ನಿಂತಿದ್ದರು. ಅಲ್ಲಿ ಮಗ್ಗದ ಸದ್ದಿರಲಿಲ್ಲ, ಬೇಕಾದರೆ ಕೂಗಿ ಮಾತನಾಡಬಹುದಿತ್ತು. ಆದರೂ ರೂಢಿ ಬಿಟ್ಟಿರಲಿಲ್ಲ. ದನಿಯಿಲ್ಲದೆ ತುಟಿಗಳು ಆಡುತ್ತಿದ್ದವು, ಬೆರಳುಗಳು ಗಾಳಿಯಲ್ಲಿ ಎಳೆ ಉಜ್ಜಿ ತೋರಿಸುತ್ತಿದ್ದವು. ಗೇಟಿನ ಹೊರಗೆ, ರಸ್ತೆಯ ಮೇಲೆ, ತಮ್ಮ ಸ್ವಂತ ಹೊತ್ತಿನಲ್ಲಿ ಅಷ್ಟೂ ಜನ ಮಗ್ಗ ಒಪ್ಪಿಸುತ್ತಿದ್ದರು. ನನ್ನ ಕಣ್ಣು ತುಂಬಿಬಂತು. ಸತ್ತಾರ್ ಸಾಬ್ ನನ್ನನ್ನು ನೋಡಿದರು.

'ಸಾಬ್, ಎಲ್ಲಿಗೆ ಹೊಂಟ್ರಿ?'

'ಹರಿಹರಕ್ಕೆ ಸಾಬ್ರೆ. ಬ್ಯಾರೆ ಕಾರ್ಖಾನೆ. ತಗೊಂಡ್ರೆ ಹೋಗ್ತೀನಿ.'

'ಹೋಗ್ರಿ. ಆದ್ರ ಮೊದ್ಲು ಗೇಟು ನೋಡಿ ಹೋಗ್ರಿ' ಎಂದರು.

ಹಾಗಾಗಿ ಕೇಳಿದೆ. ಹರಿಹರದ ಆ ಮೇಜಿನ ಆಚೆ ಕೂತಿದ್ದವರಲ್ಲಿ ಹಿರಿಯರೊಬ್ಬರು ಸ್ವಲ್ಪ ಸಂಕೋಚದಿಂದಲೇ ಉತ್ತರಿಸಿದರು:

'ಸದ್ಯಕ್ಕೆ ಒಂದೇ ಗೇಟು ಇರೋದು. ಪಾಳಿ ಬದಲಾಗೋವಾಗ ಬಹಳ ಗದ್ದಲ ಆಗತ್ತೆ. ನೀವು ಬಂದಮೇಲೆ ಅದಕ್ಕೊಂದು ವ್ಯವಸ್ಥೆ ಮಾಡಬೇಕು.'

'ಬರ್ತೀನಿ ಸರ್' ಎಂದೆ. 'ಆ ಗದ್ದಲವನ್ನು ಮಾತ್ರ ಮುಟ್ಟೋದಿಲ್ಲ.'